ಸೆಕೆಯೂರಿನಿಂದ ಸ್ಪಿತಿಗೆ: ಚೀಲ ತುಂಬುವುದು ಹೇಗೆ?

ಮೇ ತಿಂಗಳ ಮುಂಬೈ ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಹಿಮಾಲಯಕ್ಕೆ ಚೀಲ ತುಂಬುವವರು ಸಾಮಾನ್ಯವಾಗಿ ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ. ಚಳಿಯ ನೆನಪೇ ಇಲ್ಲದ ಮೈ "ಒಂದು ಸ್ವೆಟರ್ ಸಾಕು" ಅನ್ನುತ್ತದೆ. ಇಲ್ಲವೇ ಹೆದರಿಕೆಗೆ ಮನೆಯ ಕಂಬಳಿಯೆಲ್ಲ ಚೀಲ ಸೇರುತ್ತದೆ. ಹಿಮಾಚಲ ಪ್ರದೇಶದ ಕಿನ್ನೌರ, ಸ್ಪಿತಿ ಕಣಿವೆಗಳಲ್ಲಿ ಮೇ ಕೊನೆಯ ಹೊತ್ತಿಗೆ ಕೊರೆಯುವ ಚಳಿ ಕಳೆದಿರುತ್ತದೆ. ಆಗ ಕಾಡುವುದು ಒಣಗಾಳಿ, ಸುಡುಬಿಸಿಲು ಮತ್ತು ಒಂದೇ ದಿನದೊಳಗಿನ ಹವೆಯ ಏರಿಳಿತ. ಮಧ್ಯಾಹ್ನ 15 ಡಿಗ್ರಿ ಆಸುಪಾಸು ಇದ್ದ ಸ್ಪಿತಿಯ ಮುಖ್ಯ ಊರು ಕಾಜಾ ನಸುಕಿಗೆ ಸೊನ್ನೆಯ ಹತ್ತಿರ ಬಂದಿರುತ್ತದೆ. ಹಾಗಾಗಿ ಒಂದು ದಪ್ಪ ಬಟ್ಟೆಗಿಂತ ನಾಲ್ಕು ತೆಳು ಬಟ್ಟೆ ಕೆಲಸಕ್ಕೆ ಬರುತ್ತವೆ. ಈ ಲೆಕ್ಕ ಒಪ್ಪಿದರೆ ಹತ್ತು ಹನ್ನೆರಡು ದಿನದ ಪ್ರವಾಸಕ್ಕೆ 45 ಲೀಟರಿನ ಬೆನ್ನುಚೀಲ, 15ರಿಂದ 20 ಲೀಟರಿನ ಕೈಚೀಲ ಧಾರಾಳವಾಯಿತು. ದೊಡ್ಡದು 9 ಕಿಲೋ, ಚಿಕ್ಕದು 3 ಕಿಲೋ ಮೀರಬಾರದು.

ಮೊದಲು ದಾರಿ, ಆಮೇಲೆ ಚೀಲ

ಮನಾಲಿ ಕಡೆಯ ದಾರಿಯಲ್ಲಿ 4,500 ಮೀಟರ್ ದಾಟಿದ ಕುಂಜುಮ್ ಪಾಸ್ ಸಿಗುತ್ತದೆ. ಮೇ ಕೊನೆಯವರೆಗೆ, ಕೆಲವು ವರ್ಷ ಜೂನ್‌ವರೆಗೂ ಅದು ಹಿಮದಡಿ ಮುಚ್ಚಿರುತ್ತದೆ. ಶಿಮ್ಲಾ ಕಡೆಯಿಂದ ಹೋಗುವುದೇ ಸರಿ: ಶಿಮ್ಲಾ (2,200 ಮೀಟರ್), ಕಲ್ಪಾ (ಸುಮಾರು 2,900), ತಾಬೋ (ಸುಮಾರು 3,280), ಕಾಜಾ (ಸುಮಾರು 3,700). ಕಲ್ಪಾದಲ್ಲಿ ಎರಡು ರಾತ್ರಿ, ತಾಬೋದಲ್ಲಿ ಒಂದು ರಾತ್ರಿ ತಂಗಿ ಮೇಲೇರಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು ಎಂಬ ನಿಯಮಕ್ಕೆ ಈ ಕ್ರಮ ಹೊಂದುತ್ತದೆ. ಮಡಗಾಂವ್‌ನಿಂದ ಗೋವಾ ಸಂಪರ್ಕ ಕ್ರಾಂತಿ ನೇರ ಚಂಡೀಗಢಕ್ಕೆ ಹೋಗುತ್ತದೆ; ಪುಣೆಯವರಿಗೆ ಅಂಬಾಲದವರೆಗೆ ಝೇಲಂ ಎಕ್ಸ್‌ಪ್ರೆಸ್ ಇದೆ. ಅಲ್ಲಿಂದ ಮೇಲೆ ಬಸ್ಸು.

ವಿಮಾನದಲ್ಲಿ ಹೋಗುವವರಿಗೆ ಸಾಮಾನ್ಯವಾಗಿ 15 ಕಿಲೋ ಚೆಕ್-ಇನ್, 7 ಕಿಲೋ ಕೈಚೀಲದ ಮಿತಿ. ಮೇಲೆ ಹೇಳಿದ ತೂಕ ಅದರೊಳಗೇ ಬರುತ್ತದೆ.

ಒಂದು ತಿಂಗಳು ಮುಂಚೆ: ಶೂ ನೋಡಿ

ಕರಾವಳಿಯವರ ಶೂಗೆ ಒಂದು ವಿಶೇಷ ರೋಗವಿದೆ. ನಾಲ್ಕೈದು ವರ್ಷದ ಹಿಂದೆ ಕೊಂಡು, ಎರಡು ಚಾರಣಕ್ಕೆ ಹಾಕಿ, ಡಬ್ಬದಲ್ಲಿ ಜೋಪಾನವಾಗಿಟ್ಟ ಟ್ರೆಕಿಂಗ್ ಶೂ ನೋಡಲು ಹೊಸದರಂತೆಯೇ ಇರುತ್ತದೆ. ಅನೇಕ ಶೂಗಳ ಮೇಲ್ಭಾಗಕ್ಕೂ ಅಡಿಗೂ ನಡುವಿನ ಮೆತ್ತೆ ಪಾಲಿಯುರೆಥೇನ್‌ನದು. ಅದು ಗಾಳಿಯ ತೇವ ಹೀರಿ, ಬಳಸದೆ ಇಟ್ಟರೂ ಒಳಗೊಳಗೇ ಶಿಥಿಲವಾಗುತ್ತದೆ. ನಾಲ್ಕು ಮಳೆಗಾಲ ಕಂಡ ಶೂ ಕಲ್ಪಾದ ಇಳಿಜಾರಿನಲ್ಲಿ ಅಡಿ ಬಾಯಿಬಿಡುವುದು ಇದರಿಂದಲೇ. ಆ ಮೆತ್ತೆಯ ಬದಿಗೆ ಹೆಬ್ಬೆರಳ ಉಗುರು ಒತ್ತಿ ನೋಡಿ. ಒತ್ತಿದ ಗುರುತು ಮೇಲೇಳದೆ ಪುಡಿ ಉದುರಿದರೆ, ಅಥವಾ ಶೂವನ್ನು ಹತ್ತಿಪ್ಪತ್ತು ಸಲ ಬಗ್ಗಿಸಿದಾಗ ಕೂದಲೆಳೆಯ ಬಿರುಕು ಕಂಡರೆ ಅದರ ಆಯುಷ್ಯ ಮುಗಿದಂತೆ. ಅಂಟು ಹಾಕಿ ಪ್ರಯೋಜನವಿಲ್ಲ. ಅಂಟು ಹಿಡಿಯಬೇಕಾದ ಮೆತ್ತೆಯೇ ಪುಡಿಯಾಗಿರುತ್ತದೆ.

ಹೊಸದು ಕೊಳ್ಳುವುದಾದರೆ ಸಂಜೆ ಹೊತ್ತು, ಕಾಲು ತುಸು ಊದಿದ್ದಾಗ, ದಪ್ಪ ಕಾಲುಚೀಲ ಹಾಕಿಕೊಂಡು ಅಳತೆ ನೋಡಿ. ಬೆರಳುಗಳ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಉಳಿಯಬೇಕು, ಇಲ್ಲದಿದ್ದರೆ ಇಳಿಯುವಾಗ ಉಗುರು ಕಪ್ಪಾಗುತ್ತದೆ. ನಾಲ್ಕು ಭಾನುವಾರ ಸಿಂಹಗಡವನ್ನೋ ಕಾನ್ಹೇರಿ ಗುಹೆಗಳ ದಾರಿಯನ್ನೋ ಹತ್ತಿ ಪಳಗಿಸಿ. ಜೊತೆಗೆ ಹಿಮ್ಮಡಿಗೆ ಪಟ್ಟಿ ಇರುವ ಫ್ಲೋಟರ್ಸ್ ಒಂದು ಜೊತೆ ಇರಲಿ. ಮಧ್ಯಾಹ್ನದ ಬಿಸಿಲಿಗೆ ಹಿಮ ಕರಗಿ ರಸ್ತೆಗೆ ಅಡ್ಡವಾಗಿ ಹರಿಯುವ ನಾಲಾಗಳು ಏರುತ್ತವೆ. ಇಳಿದು ದಾಟಬೇಕಾಗಿ ಬಂದರೆ ಶೂ ಒದ್ದೆ ಮಾಡಿಕೊಳ್ಳಬಾರದು.

ಬಟ್ಟೆ

ಮೇ ತಿಂಗಳಲ್ಲಿ ಮುಂಬೈ ಅಂಗಡಿಗಳಲ್ಲಿ ಕೊಡೆ, ರೇನ್‌ಕೋಟು ತೂಗಾಡುತ್ತಿರುತ್ತವೆ. ಉಣ್ಣೆ ಸಿಗುವುದು ಕಷ್ಟ. ಚಳಿಗಾಲದಲ್ಲಿ ರಸ್ತೆಬದಿ ಸ್ವೆಟರ್ ಮಾರುವವರ ಹತ್ತಿರ ಕೊಂಡಿಟ್ಟಿದ್ದರೆ ಆಯಿತು, ಇಲ್ಲದಿದ್ದರೆ ಶಿಮ್ಲಾದ ಲೋಯರ್ ಬಜಾರಿನಲ್ಲಿ ಟೋಪಿ, ಕೈಗವಸು, ಉಣ್ಣೆಯ ಕಾಲುಚೀಲ ಕೊಳ್ಳಬಹುದು. ಜಾಕೆಟ್ಟನ್ನು ಮಾತ್ರ ಇಲ್ಲಿಂದಲೇ ಒಯ್ಯಿರಿ.

ಮೈಗಂಟುವ ಥರ್ಮಲ್ ಎರಡು ಜೊತೆ. ಒಂದು ಹಗಲಿಗೆ, ಇನ್ನೊಂದು ಮಲಗುವುದಕ್ಕೆ ಮಾತ್ರ. ಎರಡನೆಯದನ್ನು ಎಷ್ಟೇ ಆಸೆಯಾದರೂ ಹಗಲಲ್ಲಿ ಮುಟ್ಟಬೇಡಿ. ಬೆವರಿನ ಪಸೆ ಇರುವ ಬಟ್ಟೆ ಹಾಕಿಕೊಂಡು ಮಲಗಿದರೆ ಎರಡು ರಜಾಯಿ ಹೊದ್ದರೂ ನಡುಕ ನಿಲ್ಲುವುದಿಲ್ಲ. ಬೇಗ ಒಣಗುವ ತುಂಬುತೋಳಿನ ಟೀಶರ್ಟು ಮೂರು, ಫ್ಲೀಸ್ ಒಂದು, ಒಳಗೆ ಮೆತ್ತೆ ತುಂಬಿದ ಜಾಕೆಟ್ ಒಂದು, ಎಲ್ಲಕ್ಕೂ ಮೇಲೆ ವಿಂಡ್‌ಚೀಟರ್ ಒಂದು. ಪ್ಯಾಂಟು ಎರಡು ಸಾಕು. ಜೀನ್ಸ್ ಬೇಡವೇ ಬೇಡ: ಒಂದಕ್ಕೆ ಮುಕ್ಕಾಲು ಕಿಲೋ ತೂಕ, ಒದ್ದೆಯಾದರೆ ಮರುದಿನಕ್ಕೂ ಒಣಗದು. ತೆಳು ಕಾಲುಚೀಲ ಮೂರು, ಉಣ್ಣೆಯದು ಎರಡು. ಮಂಕಿ ಕ್ಯಾಪ್ ಬಗ್ಗೆ ಮಕ್ಕಳು ನಕ್ಕರೂ ನಗಲಿ, ಬೆಳಗಿನ ಆರು ಗಂಟೆಯ ಬಸ್ಸಿನಲ್ಲಿ ಅದಕ್ಕೆ ಸಮನಾದದ್ದಿಲ್ಲ.

ವಿಂಡ್‌ಚೀಟರ್ ಬದಲು ಮಳೆಗಾಲದ ರಬ್ಬರ್ ರೇನ್‌ಕೋಟು ನಡೆಯುತ್ತದೆಯೇ ಎಂದು ಕೇಳುವವರಿದ್ದಾರೆ. ಗಾಳಿ ತಡೆಯುತ್ತದೆ ನಿಜ, ಆದರೆ ಬೆವರಿನ ಆವಿಯನ್ನೂ ಹೊರಗೆ ಬಿಡುವುದಿಲ್ಲ. ಅರ್ಧ ಗಂಟೆ ನಡೆದರೆ ಒಳಗಿನ ಫ್ಲೀಸ್ ತೊಯ್ದು, ನಿಂತ ಕೂಡಲೇ ಮೈ ತಣ್ಣಗಾಗುತ್ತದೆ.

ಇನ್ನೊಂದು ಎಚ್ಚರ. ಇಲ್ಲಿನ ತೇವದಲ್ಲಿ ಒಗೆದ ಬಟ್ಟೆ ಒಣಗಿದಂತೆ ಕಂಡರೂ ಹೊಲಿಗೆಯ ಅಂಚಿನಲ್ಲಿ ಪಸೆ ಉಳಿದಿರುತ್ತದೆ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ದಿನ ರೈಲಿನಲ್ಲಿ ಒಯ್ದರೆ ಶಿಮ್ಲಾದಲ್ಲಿ ಬಿಚ್ಚುವಾಗ ಮುಗ್ಗಲು ವಾಸನೆ. ಕೊನೆಯ ಒಗೆತ ಹೊರಡುವ ಮೂರು ದಿನ ಮುಂಚೆಯೇ ಮುಗಿಯಲಿ.

ಹಾಸಿಗೆ: ಪಂಚೆಯ ಒಳಚೀಲ

ಹೋಮ್‌ಸ್ಟೇಗಳಲ್ಲಿ ಭಾರದ ರಜಾಯಿ ಕೊಡುತ್ತಾರೆ, ಸ್ಲೀಪಿಂಗ್ ಬ್ಯಾಗ್ ಹೊತ್ತು ಬಳಲಬೇಕಿಲ್ಲ. ಆದರೆ ರಜಾಯಿಯನ್ನು ದಿನಾ ಒಗೆಯಲಾಗುವುದಿಲ್ಲವಲ್ಲ. ಅದಕ್ಕೆ ಮನೆಯಲ್ಲೇ ಒಂದು ಒಳಚೀಲ ಹೊಲಿದುಕೊಳ್ಳಿ. ಎಂಟು ಮೊಳದ ಮೆತ್ತನೆಯ ಹಳೆ ಪಂಚೆಯ ಉದ್ದ ಸುಮಾರು 3.6 ಮೀಟರ್. ಉದ್ದವನ್ನು ಅರ್ಧಕ್ಕೆ ಮಡಚಿದರೆ 1.8 ಮೀಟರಿನ ಜೋಳಿಗೆ ಆಗುತ್ತದೆ. ಒಂದು ಬದಿ ಪೂರ್ತಿ ಹೊಲಿಯಿರಿ, ಇನ್ನೊಂದು ಬದಿ ಕಾಲಿನಿಂದ ಸೊಂಟದವರೆಗೆ ಮಾತ್ರ. ಪೂರ್ತಿ ಹೊಲಿದರೆ ನಡುರಾತ್ರಿ ಏಳಲು ಪರದಾಡಬೇಕು. ಎತ್ತರದ ಜಾಗದಲ್ಲಿ ರಾತ್ರಿ ಏಳುವುದು ತಪ್ಪದು.

ಮದ್ದು, ಬಿಸಿಲು, ಎಣ್ಣೆ

ಸಮುದ್ರ ಮಟ್ಟದಲ್ಲಿರುವ ಗಾಳಿಯ ಒತ್ತಡದಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ತುಸು ಕಡಿಮೆ ಮಾತ್ರ ಕಾಜಾದಲ್ಲಿ ಇರುತ್ತದೆ. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಎತ್ತರ ಮೈಗೆ ಒಗ್ಗುತ್ತಿಲ್ಲ ಎಂಬುದರ ಮೊದಲ ಸೂಚನೆ. ಮುನ್ನೆಚ್ಚರಿಕೆಗೆ ವೈದ್ಯರು ಅಸೆಟಜೋಲಮೈಡ್ ಬರೆಯುವುದುಂಟು. ವಯಸ್ಕರಿಗೆ ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಏರುವ ಹಿಂದಿನ ದಿನದಿಂದ. ಸಲ್ಫಾ ಔಷಧದ ಅಲರ್ಜಿ, ಮೂತ್ರಪಿಂಡದ ತೊಂದರೆ ಇರುವವರು ಇದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಅಕ್ಕಪಕ್ಕದವರು ತೆಗೆದುಕೊಂಡರೆಂದು ತಾವೂ ನುಂಗುವಂಥದ್ದಲ್ಲ. ಬೆರಳ ತುದಿ ಜುಮ್ಮೆನ್ನುವುದು ಈ ಮಾತ್ರೆಯ ಸಾಮಾನ್ಯ ಪರಿಣಾಮ. ಮಾತು ತೊದಲಿದರೆ, ನಡಿಗೆ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ ಮಾತ್ರೆ ಹುಡುಕುತ್ತ ಕೂರದೆ ಆಗಲೇ ಕೆಳಗಿಳಿಯಬೇಕು.

ನಿತ್ಯದ ಔಷಧ ಪ್ರವಾಸದ ದಿನಗಳಿಗಿಂತ ಐದು ದಿನ ಹೆಚ್ಚು ಇರಲಿ, ಚೀಟಿಯ ಸಮೇತ, ಕೈಚೀಲದಲ್ಲೇ. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಟ್ಟಿತು. ರಾತ್ರಿ ಅದನ್ನು ರಜಾಯಿಯೊಳಗೆ ಇಟ್ಟುಕೊಳ್ಳಿ. ಓಆರ್‌ಎಸ್ ದೊಡ್ಡ ಪೊಟ್ಟಣ ಆರು. ಒಂದು ಪೊಟ್ಟಣ ಒಂದು ಲೀಟರ್ ನೀರಿಗೆ; ಚೂರುಚೂರು ಪುಡಿಯನ್ನು ಲೋಟಕ್ಕೆ ಉದುರಿಸಿಕೊಂಡರೆ ಅಳತೆ ತಪ್ಪುತ್ತದೆ. ಸ್ಯಾನಿಟರಿ ಪ್ಯಾಡ್ ಪೂರ್ತಿ ಪ್ರವಾಸಕ್ಕೆ ಬೇಕಾದಷ್ಟು ಇಲ್ಲಿಂದಲೇ, ಬಳಸಿದ್ದನ್ನು ವಾಪಸು ತರಲು ಜಿಪ್ ಚೀಲದ ಜೊತೆ.

ಸಾವಿರ ಮೀಟರ್ ಏರಿದಂತೆ ನೇರಳಾತೀತ ಕಿರಣ ಹತ್ತು ಶೇಕಡದಷ್ಟು ಹೆಚ್ಚುತ್ತದೆ, ಹೊಸ ಹಿಮ ಅದರ ಬಹುಪಾಲನ್ನು ಕೆಳಗಿನಿಂದಲೂ ಮುಖಕ್ಕೆ ಎರಚುತ್ತದೆ. ತಣ್ಣನೆ ಗಾಳಿಯಲ್ಲಿ ಸುಡುವುದು ಗೊತ್ತೇ ಆಗುವುದಿಲ್ಲ. ಎಸ್‌ಪಿಎಫ್ 50ರ ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ ಹಚ್ಚಬೇಕು. ಕಿವಿಯ ತುದಿ, ಮೂಗಿನ ಹೊಳ್ಳೆಯ ಕೆಳಭಾಗ ಬಿಟ್ಟುಹೋಗುವುದೇ ಹೆಚ್ಚು. ಯುವಿ 400 ಎಂದು ಬರೆದ ಕಪ್ಪು ಕನ್ನಡಕ, ಅಗಲ ಅಂಚಿನ ಟೋಪಿ, ತುಟಿಗೆ ಬಾಮ್ ಬೇಕೇ ಬೇಕು. ಒಣಗಾಳಿಗೆ ಮೂಗಿನೊಳಗೆ ಬಿರಿದು ರಕ್ತ ಬರುವುದುಂಟು. ಮಲಗುವ ಮುಂಚೆ ಪೆಟ್ರೋಲಿಯಂ ಜೆಲ್ಲಿ ತುಸು ಸವರಿ.

ತೆಂಗಿನೆಣ್ಣೆ ಒಯ್ಯುವವರು ಸಣ್ಣ ಬಾಯಿಯ ಬಾಟಲಿಯಲ್ಲಿ ತುಂಬಬೇಡಿ. ಸುಮಾರು 24 ಡಿಗ್ರಿಗೆ ಅದು ಗಟ್ಟಿಯಾಗುತ್ತದೆ, ಅಲ್ಲಿ ಬಾಟಲಿ ಹಿಂಡಿದರೆ ಏನೂ ಬರದು. ಅಗಲ ಬಾಯಿಯ ಡಬ್ಬಿಯಲ್ಲಿದ್ದರೆ ಬೆರಳಲ್ಲಿ ತೆಗೆಯಬಹುದು.

ತಿಂಡಿ ಎಷ್ಟು?

ನಮ್ಮವರ ಚೀಲ ಭಾರವಾಗುವುದು ಇಲ್ಲೇ. ಕಡಕ್ ರೊಟ್ಟಿ, ಚಕ್ಕುಲಿ, ಉಂಡೆ, ಎರಡು ಬಗೆ ಉಪ್ಪಿನಕಾಯಿ ಎಂದು ಐದು ಕಿಲೋ ದಾಟುತ್ತದೆ, ಬಸ್ಸಿನ ಕುಲುಕಾಟಕ್ಕೆ ರೊಟ್ಟಿ ಪುಡಿಯಾಗುತ್ತದೆ. ಊಟ ಎಲ್ಲ ಕಡೆ ಸಿಗುತ್ತದೆ. ಬೇಕಾದದ್ದು ರುಚಿಗೆ ಒಂದಿಷ್ಟು, ರಸ್ತೆ ಕುಸಿದು ನಿಂತಾಗ ಒಂದು ದಿನದ ಹೊಟ್ಟೆಗೆ ಒಂದಿಷ್ಟು. ಒಬ್ಬರಿಗೆ ಶೇಂಗಾ ಚಟ್ನಿಪುಡಿ 200 ಗ್ರಾಂ, ಬೆಲ್ಲ ಸೇರಿಸಿದ ಹುರಿಹಿಟ್ಟು ಅರ್ಧ ಕಿಲೋ, ಖರ್ಜೂರ, ಬಾದಾಮಿ ಕಾಲು ಕಾಲು ಕಿಲೋ.

ಹುರಿಹಿಟ್ಟೇ ಯಾಕೆಂದರೆ ಕಾಜಾದ ಎತ್ತರದಲ್ಲಿ ನೀರು 88 ಡಿಗ್ರಿ ಸುಮಾರಿಗೇ ಕುದಿಯುತ್ತದೆ. ಬಿಸಿನೀರು ಸುರಿದರೆ ಸಾಕೆನ್ನುವ ರೆಡಿ ಉಪ್ಪಿಟ್ಟು, ಬಿಸಿಬೇಳೆಬಾತಿನ ಪೊಟ್ಟಣ ಅಲ್ಲಿ ಹೇಳಿದ ಸಮಯಕ್ಕೆ ಅರೆಬೆಂದೇ ಉಳಿಯುತ್ತವೆ. ಹುರಿದ ಹಿಟ್ಟಿಗೆ ಬೇಯುವ ಗೊಡವೆಯೇ ಇಲ್ಲ. ಸ್ಪಿತಿಯವರು ಹುರಿದ ಬಾರ್ಲಿ ಹಿಟ್ಟನ್ನು ಬೆಣ್ಣೆ ಚಹಾದಲ್ಲಿ ಕಲಸಿ ತಿನ್ನುವುದೂ ಸುಮ್ಮನೆ ಅಲ್ಲ.

ವಿಮಾನಕ್ಕಾದರೆ ಖಾರದ ಪುಡಿ, ಚಟ್ನಿಪುಡಿ, ಉಪ್ಪಿನಕಾಯಿ ಚೆಕ್-ಇನ್ ಚೀಲದಲ್ಲಿರಲಿ. ಒಣಕೊಬ್ಬರಿಯನ್ನು ಮನೆಯಲ್ಲೇ ಬಿಡಿ. ಎಣ್ಣೆಯಂಶದಿಂದ ತಾನಾಗಿ ಕಾದು ಬೆಂಕಿ ಹಿಡಿಯಬಲ್ಲ ವಸ್ತುವೆಂದು ವಿಮಾನದವರು ತಡೆಯುತ್ತಾರೆ. ಉಪ್ಪಿನಕಾಯಿ ಡಬ್ಬಿಯನ್ನು ಮೇಲೆ ಹೋದ ಮೇಲೆ ಮೊದಲ ಸಲ ತೆರೆಯುವಾಗ ನೆಟ್ಟಗೆ ಹಿಡಿದು, ಬಟ್ಟೆ ಸುತ್ತಿ, ನಿಧಾನಕ್ಕೆ ತಿರುಗಿಸಿ. ಒಳಗೆ ಸಿಕ್ಕಿದ ಕರಾವಳಿಯ ಗಾಳಿಯ ಒತ್ತಡಕ್ಕೆ ಎಣ್ಣೆ ಚಿಮ್ಮುತ್ತದೆ. ಸನ್‌ಸ್ಕ್ರೀನ್, ಮುಲಾಮಿನ ಟ್ಯೂಬುಗಳದ್ದೂ ಇದೇ ಕಥೆ. ಅವನ್ನೆಲ್ಲ ಒಂದು ಜಿಪ್ ಚೀಲದೊಳಗಿಡಿ.

ಕರೆಂಟು, ಕಾಸು

20,000 ಎಂಎಎಚ್ ಪವರ್ ಬ್ಯಾಂಕ್ ಒಂದು, ತಲೆಗೆ ಕಟ್ಟುವ ಟಾರ್ಚ್ ಒಂದು. ಪವರ್ ಬ್ಯಾಂಕ್ ಯಾವತ್ತೂ ಕೈಚೀಲದಲ್ಲೇ ಹೋಗಬೇಕು. ಚಳಿಗೆ ಬ್ಯಾಟರಿ ಬೇಗ ಕುಸಿಯುವುದರಿಂದ ರಾತ್ರಿ ಫೋನಿನ ಜೊತೆ ಅದನ್ನೂ ಹೊದಿಕೆಯೊಳಗೆ ಇಡಿ. ನೆಟ್‌ವರ್ಕ್ ಇಲ್ಲದ ಹಳ್ಳಿಯಲ್ಲಿ ಯುಪಿಐ ಇಲ್ಲ; ಖರ್ಚಿನ ಮುಕ್ಕಾಲು ಪಾಲು ನಗದಾಗಿರಲಿ, ಅದೂ ನೂರು, ಇನ್ನೂರರ ನೋಟುಗಳಲ್ಲಿ. ಹಿಕ್ಕಿಂ ಹಳ್ಳಿಯಲ್ಲಿ 4,400 ಮೀಟರ್ ಎತ್ತರದಲ್ಲಿ 1983ರಿಂದ ಅಂಚೆ ಕಚೇರಿ ಇದೆ. ನಾಲ್ಕು ಅಂಚೆ ಕಾರ್ಡಿಗೆ ವಿಳಾಸ, ಪಿನ್ ಕೋಡ್ ಬರೆದೇ ಒಯ್ದರೆ ಅಲ್ಲಿ ಮರಗಟ್ಟಿದ ಬೆರಳಲ್ಲಿ ಬರೆಯುವ ಕಷ್ಟ ತಪ್ಪುತ್ತದೆ.

ತುಂಬುವ ಕ್ರಮ

ದೊಡ್ಡ ಚೀಲದೊಳಗೆ ಮೊದಲು ಕಸದ ದೊಡ್ಡ ಕಪ್ಪು ಚೀಲವೊಂದನ್ನು ಅಸ್ತರಿಯಂತೆ ಹರಡಿ. ಸಹ್ಯಾದ್ರಿಯ ಮಳೆ ಚಾರಣದವರಿಗೆ ಇದು ನೀರಿಗೆ, ಸ್ಪಿತಿಯಲ್ಲಿ ಧೂಳಿಗೆ. ತಳದಲ್ಲಿ ರಾತ್ರಿಯ ಥರ್ಮಲ್, ಪಂಚೆಯ ಚೀಲ. ನಡುವೆ, ಬೆನ್ನಿಗೆ ತಾಗುವಂತೆ, ಭಾರದ ತಿಂಡಿ ಮತ್ತು ಚಪ್ಪಲಿ. ಭಾರ ಹೊರಬದಿಗೆ ಹೋದರೆ ಹೆಗಲನ್ನು ಹಿಂದಕ್ಕೆ ಜಗ್ಗುತ್ತದೆ. ಮೇಲುಗಡೆ ಫ್ಲೀಸ್, ಎಲ್ಲಕ್ಕೂ ಮೇಲೆ ಜಾಕೆಟ್. ಜಾಕೆಟ್ಟನ್ನು ವಾರದ ಮುಂಚೆಯೇ ಒತ್ತಿ ತುಂಬಬೇಡಿ, ಮೆತ್ತೆ ಚಪ್ಪಟೆಯಾಗಿ ಬೆಚ್ಚಗಿಡುವ ಗುಣ ಕಳೆದುಕೊಳ್ಳುತ್ತದೆ.

ಕೈಚೀಲ ಮಾತ್ರ ಇಪ್ಪತ್ತನಾಲ್ಕು ಗಂಟೆ ತಾನೇ ನಿಭಾಯಿಸುವಂತಿರಬೇಕು, ಏಕೆಂದರೆ ದೊಡ್ಡ ಚೀಲ ಬಸ್ಸಿನ ತಲೆಯ ಮೇಲೆ, ನೀವು ಒಳಗೆ, ಮುಂದೆ ರಸ್ತೆಗೆ ಕಲ್ಲು ಬಿದ್ದಿರುತ್ತದೆ. ಒಂದು ಲೀಟರಿನ ಸ್ಟೀಲ್ ಬಾಟಲಿ, ವಿಂಡ್‌ಚೀಟರ್, ಟೋಪಿ, ಔಷಧ, ಟಾರ್ಚ್, ಗುರುತಿನ ಚೀಟಿ, ಹಣ, ತಿಂಡಿಯ ಅರ್ಧ ಪಾಲು ಇದರಲ್ಲಿ. ಬಾಟಲಿಗೆ ಎರಡು ಮೀಟರ್ ಡಕ್ಟ್ ಟೇಪ್ ಸುತ್ತಿಡಿ; ಹರಿದ ಚೀಲಕ್ಕೂ ಬಾಯಿಬಿಟ್ಟ ಶೂಗೂ ಅದೇ ಗತಿ.

ಎಲ್ಲ ತುಂಬಿದ ಮೇಲೆ ಹೊರಡುವ ಹಿಂದಿನ ದಿನ ಎರಡೂ ಚೀಲ ಹೊತ್ತು ಲಿಫ್ಟ್ ಬಿಟ್ಟು ನಾಲ್ಕು ಮಹಡಿ ಹತ್ತಿ. ಮಧ್ಯೆ ನಿಲ್ಲಬೇಕಾಯಿತೆಂದರೆ ಒಂದೂವರೆ ಕಿಲೋ ಹೆಚ್ಚಿದೆ ಎಂದೇ ಅರ್ಥ. ಮೊದಲು ಎರಡನೇ ಬಗೆಯ ಉಪ್ಪಿನಕಾಯಿ, ಆಮೇಲೆ ದಪ್ಪ ಟರ್ಕಿ ಟವೆಲ್ ತೆಗೆದು ಅದರ ಬದಲು ತೆಳು ಬೈರಾಸ ಇಡಿ, ಮೂರನೆಯದಾಗಿ ನಾಲ್ಕನೇ ಟೀಶರ್ಟು. ಜಾಕೆಟ್, ಔಷಧ, ರಾತ್ರಿಯ ಥರ್ಮಲ್ ತೆಗೆಯುವ ಪಟ್ಟಿಗೆ ಬರುವುದೇ ಇಲ್ಲ.