ಕಡಿಮೆ ದುಡ್ಡಿಗೆ ಬಾಳಿಕೆಯ ರಾಡ್, ರೀಲ್: ನಾನು ಆರಿಸುವ ಬಗೆ

ಮೀನು ಹಿಡಿಯುವ ಸಾಮಾನು ಕೊಳ್ಳುವಾಗ ನನ್ನ ಲೆಕ್ಕ ಒಂದೇ: ಇರುವ ದುಡ್ಡಿನಲ್ಲಿ ದೊಡ್ಡ ಪಾಲು ದಾರ ಸುತ್ತುವ ರೀಲ್‌ಗೆ, ಉಳಿದದ್ದು ರಾಡ್‌ಗೆ, ಅಂದರೆ ಗಾಳದ ಕೋಲಿಗೆ. ರಾಡ್‌ನಲ್ಲಿ ತಿರುಗುವ ಭಾಗವೇ ಇಲ್ಲ. ಯಾವುದರಿಂದ ಮಾಡಿದ್ದು ಅಂತ ನೋಡಿ ತಂದರೆ ಅಗ್ಗದ್ದೂ ವರ್ಷಗಟ್ಟಲೆ ಬಾಳುತ್ತದೆ. ರೀಲ್ ಹಾಗಲ್ಲ. ಒಳಗಿನ ಹಲ್ಲುಚಕ್ರಗಳು ಸವೆಯುತ್ತವೆ, ಉಪ್ಪುನೀರು ಹೊಕ್ಕರಂತೂ ಇನ್ನೂ ಬೇಗ.

ಪೂರ್ತಿ ಕಾರ್ಬನ್ ರಾಡ್ ಹಗುರ, ಮೀನು ಮುಟ್ಟಿದ್ದು ಕೈಗೆ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಬಂಡೆಗೆ ತಾಗಿ ಚಿಕ್ಕ ಗಾಯವಾದರೂ ಸಾಕು, ಮುಂದೊಂದು ದಿನ ಅಲ್ಲೇ ಟಕ್ ಅಂತ ಮುರಿಯಬಹುದು. ಫೈಬರ್‌ಗ್ಲಾಸ್ ಭಾರ, ಸ್ವಲ್ಪ ಮಂದ, ಆದರೆ ಪೆಟ್ಟು ತಡೆಯುತ್ತದೆ. ನನಗೆ ಎರಡೂ ಬೆರೆತ ರಾಡೇ ಇಷ್ಟ. ಶೇಕ್ಸ್‌ಪಿಯರ್ ಕಂಪನಿಯ ಅಗ್ಲಿ ಸ್ಟಿಕ್ ಈ ಜಾತಿಯದ್ದು. ಮಡಚುವ ಟೆಲಿಸ್ಕೋಪಿಕ್ ರಾಡ್ ಒಯ್ಯಲು ಸುಲಭ, ಆದರೆ ಕೀಲು ಜಾಸ್ತಿ, ಪ್ರತಿ ಕೀಲಲ್ಲೂ ಮರಳು ಸೇರುತ್ತದೆ. ಎರಡು ತುಂಡಿನದ್ದೇ ಸಾಕು.

ಅಂಗಡಿಯಲ್ಲಿ ನಾನು ಮೊದಲು ನೋಡುವುದು ಗೈಡ್‌ಗಳನ್ನು, ಅಂದರೆ ದಾರ ಹಾಯುವ ಉಂಗುರಗಳನ್ನು. ಹತ್ತಿಯ ಚೂರೊಂದನ್ನು ಉಂಗುರದ ಒಳಗೆ ಸುತ್ತ ಆಡಿಸುತ್ತೇನೆ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಆ ರಾಡ್ ಬೇಡ. ಕಣ್ಣಿಗೆ ಕಾಣದ ಆ ಬಿರುಕೇ ದಾರವನ್ನು ಕೊಯ್ಯುತ್ತದೆ. ಆಮೇಲೆ ರೀಲ್ ಕೂರಿಸಿ, ಬಿಗಿಸಿ, ಅಲ್ಲಾಡಿಸಿ ನೋಡುತ್ತೇನೆ. ಸೀಟ್ ಸಡಿಲವಿದ್ದರೆ ಬಳಸುತ್ತಾ ಇನ್ನೂ ಸಡಿಲವಾಗುತ್ತದೆ.

ಇನ್ನು ರೀಲ್. ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುತ್ತಾರಲ್ಲ, ಹತ್ತು ಬೇರಿಂಗ್, ಹನ್ನೆರಡು ಬೇರಿಂಗ್ ಅಂತ? ಅದನ್ನು ನಾನು ಓದುವುದೇ ಇಲ್ಲ. ಒಳ್ಳೆಯವು ನಾಲ್ಕೈದು ಇದ್ದರೆ ಸಾಕು. ತುಕ್ಕು ಹಿಡಿಯುವಂಥವು ಹನ್ನೆರಡಿದ್ದರೆ ತುಕ್ಕು ಹಿಡಿಯುವ ಜಾಗ ಹನ್ನೆರಡು, ಅಷ್ಟೇ. ನಾನು ನೋಡುವುದು ಬಾಡಿ. ರೀಲ್‌ನ ಪಾದ, ಅಂದರೆ ರಾಡ್‌ಗೆ ಕೂರುವ ಭಾಗ, ಹಿಡಿದು ರೋಟರನ್ನು, ಅಂದರೆ ಹಿಡಿಕೆ ತಿರುಗಿಸಿದಾಗ ಸುತ್ತುವ ಭಾಗವನ್ನು, ಪಕ್ಕಕ್ಕೆ ಒತ್ತಿದಾಗ ಬಾಡಿ ಬಾಗಿದರೆ, ದೊಡ್ಡ ಮೀನು ಎಳೆದಾಗ ಒಳಗಿನ ಹಲ್ಲುಗಳೂ ಸರಿಯಾಗಿ ಕೂರುವುದಿಲ್ಲ. ಹಿಡಿಕೆ ನೇರವಾಗಿ ಚಕ್ರಕ್ಕೇ ತಿರುಪಿಕೊಳ್ಳುವಂಥದ್ದಾದರೆ ಒಳ್ಳೆಯದು, ಕಡಿಮೆ ಅಲುಗುತ್ತದೆ.

ಡ್ರ್ಯಾಗ್‌ಗೆ, ಅಂದರೆ ಮೀನು ಎಳೆದಾಗ ದಾರವನ್ನು ತಡೆದು ತಡೆದು ಬಿಡುವ ರೀಲ್‌ನ ಬ್ರೇಕಿಗೆ, ಸ್ವಲ್ಪ ಸಮಯ ಕೊಡಿ. ಅರ್ಧ ಬಿಗಿಸಿ ದಾರವನ್ನು ಕೈಯಲ್ಲಿ ನಿಧಾನ ಎಳೆಯಿರಿ. ಒಂದೇ ಸಮನೆ ಬರಬೇಕು. ಮೊದಲು ಹಿಡಿದುಕೊಂಡು ಆಮೇಲೆ ಜರ್ರನೆ ಬಿಟ್ಟರೆ, ಮೀನು ಓಡುವ ಆ ಕ್ಷಣದಲ್ಲೇ ದಾರ ಹರಿಯುತ್ತದೆ. ಕಾರ್ಬನ್ ವಾಷರ್ ಇರುವ ಡ್ರ್ಯಾಗ್ ಬಿಸಿಯಾದರೂ ಹಿಡಿತ ಬಿಡುವುದು ಕಡಿಮೆ. ಪೆನ್ ಕಂಪನಿಯ ಬ್ಯಾಟಲ್‌ನಂಥ ಲೋಹದ ಬಾಡಿಯ ರೀಲ್‌ಗಳಲ್ಲಿ ಅದು ಇದೆ. ಸಿಹಿನೀರಿನ ಸಣ್ಣ ಮೀನಿಗೆ ಅಷ್ಟೆಲ್ಲ ಬೇಡ, ಶಿಮಾನೋ ಸಿಯೆನ್ನಾದಂಥ ಸಾದಾ ರೀಲ್ ಸಾಕು. 2500 ಅಥವಾ 3000 ಸೈಜ್ ತಗೊಂಡರೆ ಹೆಚ್ಚಿನ ಕೆಲಸ ಆಗುತ್ತದೆ.

ಡ್ರ್ಯಾಗನ್ನು ದಾರದ ಶಕ್ತಿಯ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇಡುತ್ತೇನೆ. 8 ಕಿಲೋ ತಡೆಯುವ ದಾರಕ್ಕೆ ಸುಮಾರು 2ರಿಂದ 2.5 ಕಿಲೋ. ಸ್ಪ್ರಿಂಗ್ ತಕ್ಕಡಿಗೆ ದಾರ ಕಟ್ಟಿ ಎಳೆದರೆ ಗೊತ್ತಾಗುತ್ತದೆ. ರಾಡ್ ಕೂಡ ಇದರಿಂದಲೇ ಉಳಿಯುತ್ತದೆ. ಮೀನು ಕಾಲ ಬುಡಕ್ಕೆ ಬಂದಾಗ ರಾಡನ್ನು ನೆಟ್ಟಗೆ ತಲೆಯ ಮೇಲೆ ಎತ್ತಬೇಡಿ. ಭಾರವೆಲ್ಲ ತೆಳ್ಳಗಿನ ತುದಿಗೆ ಬಿದ್ದು ಒಳ್ಳೊಳ್ಳೆಯ ರಾಡ್‌ಗಳೂ ಮುರಿಯುತ್ತವೆ. ಬಲೆಯಲ್ಲಿ ಎತ್ತಿ.

ಮನೆಗೆ ಬಂದ ಮೇಲೆ ಡ್ರ್ಯಾಗ್ ಬಿಗಿ ಮಾಡಿ, ಸಿಹಿನೀರನ್ನು ಮೆಲ್ಲಗೆ ಚಿಮುಕಿಸಿ ತೊಳೆಯುತ್ತೇನೆ. ಜೋರು ಪೈಪ್ ಹಿಡಿದರೆ ಉಪ್ಪು ಒಳಗೇ ಹೋಗುತ್ತದೆ. ಒಣಗಿದ ಮೇಲೆ ಡ್ರ್ಯಾಗ್ ಸಡಿಲಿಸಿ ಇಟ್ಟರೆ ವಾಷರ್ ಅಪ್ಪಚ್ಚಿಯಾಗುವುದಿಲ್ಲ. ಹಳೆಯ ರೀಲ್ ಕೊಳ್ಳುವವರು ಲೈನ್ ರೋಲರ್, ಅಂದರೆ ದಾರ ಹಾಯುವ ಪುಟ್ಟ ಉರುಳೆ, ಅದರ ಮೇಲೆ ಉಗುರು ಎಳೆದು ನೋಡಿ. ಗೀರು ಸಿಕ್ಕರೆ, ರೋಲರ್ ತಿರುಗದೆ ನಿಂತಿತ್ತು ಅಂತ ಅರ್ಥ. ಬೆಲೆ ಇಳಿಸಿ ಕೇಳಿ, ಇಲ್ಲ ಬಿಟ್ಟು ಬನ್ನಿ.