ಹಳೆಯ ಹಾಯೇಸ್ ಕ್ಯಾಂಪರ್ ಕರಾವಳಿಯಲ್ಲಿ ಬಾಳಬೇಕಾದರೆ: ತಗಡಿನಿಂದ ಶುರುಮಾಡಿ

ಇಪ್ಪತ್ತೈದು-ಮೂವತ್ತು ವರ್ಷ ಹಳೆಯ ಟೊಯೊಟಾ ಹಾಯೇಸ್ ಕ್ಯಾಂಪರ್ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳುವಂಥ ವ್ಯಾನ್) ಕೈಗೆ ಬಂದಾಗ ಹೆಚ್ಚಿನವರು ಮೊದಲು ಕರೆಸುವುದು ಬಡಗಿಯನ್ನು. ಹಾಸಿಗೆ, ಕಪಾಟು, ಒಲೆಕಟ್ಟೆ ಎಲ್ಲ ಚೆಂದವಾಗಿ ಕೂರುತ್ತವೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಹಲಗೆಯ ಹಿಂದಿನಿಂದ ಕಂದು ನೀರು ಇಳಿಯತೊಡಗುತ್ತದೆ, ಮಾಡಿಸಿದ್ದನ್ನೆಲ್ಲ ಬಿಚ್ಚಬೇಕಾಗುತ್ತದೆ. ಕಾರವಾರದಿಂದ ಭಟ್ಕಳದವರೆಗೆ ಎಲ್ಲೇ ಗಾಡಿ ಇಡುವವರಾದರೂ ಈ ಕ್ರಮವನ್ನು ತಿರುವುಮುರುವು ಮಾಡಲೇಬೇಕು. ಮೊದಲು ತಗಡು, ಆಮೇಲೆ ಘಟ್ಟಕ್ಕೆ ಬೇಕಾದ ಕೂಲಿಂಗ್ ಮತ್ತು ಬ್ರೇಕ್, ನಂತರ ವೈರಿಂಗ್, ಮರಗೆಲಸ ಕಟ್ಟಕಡೆಗೆ.

ಕೆಲಸಕ್ಕೆ ಮೊದಲು ಕಾಗದಪತ್ರ ನೋಡಿಕೊಳ್ಳಿ. ಬಳಸಿದ ವಾಹನ ಮೂರು ವರ್ಷಕ್ಕಿಂತ ಹಳೆಯದಾಗಿದ್ದರೆ ಭಾರತಕ್ಕೆ ಆಮದು ಮಾಡಿಕೊಳ್ಳಲು ಸಾಮಾನ್ಯವಾಗಿ ಬಿಡುವುದಿಲ್ಲ. ಹಾಗಾಗಿ ಇಲ್ಲಿ ಕಾಣುವ ಹಳೆಯ ಕ್ಯಾಂಪರ್ ಬಹಳ ಹಿಂದೆಯೇ ನೋಂದಣಿಯಾದದ್ದಿರಬೇಕು, ಇಲ್ಲವೇ ವಿದೇಶಿ ಪ್ರವಾಸಿಗರು ಕಾರ್ನೆ ಪತ್ರದ (ಗಾಡಿಯನ್ನು ಸುಂಕವಿಲ್ಲದೆ ತಾತ್ಕಾಲಿಕವಾಗಿ ತರಲು ಬಿಡುವ ಕಸ್ಟಮ್ಸ್ ಪತ್ರ) ಮೇಲೆ ತಂದದ್ದಿರಬೇಕು. ಕಾರ್ನೆ ಗಾಡಿ ಅವಧಿಯೊಳಗೆ ದೇಶ ಬಿಟ್ಟು ಹೋಗಬೇಕು, ಎಷ್ಟು ಅಗ್ಗಕ್ಕೆ ಕೊಟ್ಟರೂ ಅದನ್ನು ಕೊಳ್ಳಬೇಡಿ. ನೋಂದಣಿಯಾದ ಗಾಡಿಗೆ 15 ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ ನವೀಕರಣ ಬೇಕು. ಸೀಟು ತೆಗೆಯುವುದು, ಛಾವಣಿ ಎತ್ತರಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಡಿ ಬರುತ್ತವೆ. ಕಾರವಾರ, ಶಿರಸಿ, ಹೊನ್ನಾವರ, ಯಾವ ಆರ್‌ಟಿಒ ನಿಮ್ಮದೋ ಅಲ್ಲಿ ಮೊದಲೇ ಅನುಮತಿ ಪಡೆಯಿರಿ. ವೆಲ್ಡಿಂಗ್, ಪೇಂಟಿಂಗ್ ಮಾಡುವಾಗ ಚಾಸಿ ನಂಬರಿಗೆ ಕೈ ಹಚ್ಚಬಾರದು.

ತುಕ್ಕು

ಒಳಗಿನ ಹಾಸು, ಪ್ಯಾನೆಲ್, ಸೀಟು ಎಲ್ಲ ಹೊರಗೆ ತೆಗೆಯಿರಿ. ಹಾಯೇಸ್‌ನಲ್ಲಿ ತುಕ್ಕು ಹಿಡಿಯುವ ಜಾಗಗಳು ಹೆಚ್ಚುಕಮ್ಮಿ ಗೊತ್ತಿರುವವೇ: ಮುಂಬಾಗಿಲಿನ ಕೆಳಗಿನ ಕಾಲಿಡುವ ಮೆಟ್ಟಿಲು, ಸ್ಲೈಡಿಂಗ್ ಬಾಗಿಲಿನ ಕೆಳ ಹಳಿ, ಚಕ್ರದ ಕಮಾನಿನ ಒಳ ಅಂಚು, ಛಾವಣಿಯ ಗಟರ್, ಮುಂಗಾಜಿನ ರಬ್ಬರಿನಡಿ, ಹಿಂಬಾಗಿಲಿನ ಕೆಳತುದಿ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತ ಹೋಗಿ. ಗಟ್ಟಿ ತಗಡು ಠಣ್ಣೆನ್ನುತ್ತದೆ, ಕೊಳೆತದ್ದು ಮಂದವಾಗಿ ಸದ್ದು ಮಾಡುತ್ತದೆ. ಅಂಥಲ್ಲಿ ತುದಿಯಿಂದ ಒತ್ತಿ. ತೂತು ಬಿದ್ದರೆ ಬೇಸರ ಬೇಡ, ಅದು ಹೇಗೂ ಬೀಳುವುದೇ ಇತ್ತು.

ತೂತಾದ ಕಡೆ ಪುಟ್ಟಿ ತುಂಬಿ ಮುಚ್ಚಿಸಬೇಡಿ. ಪಾಲಿಯೆಸ್ಟರ್ ಪುಟ್ಟಿ ನೀರು ಹೀರುತ್ತದೆ, ಒಂದೇ ಮಳೆಗಾಲದಲ್ಲಿ ಉಬ್ಬಿ ಏಳುತ್ತದೆ. ಹೊಳೆಯುವ ತಗಡು ಸಿಗುವವರೆಗೂ ಕತ್ತರಿಸಿ. ಹೊರ ಪ್ಯಾನೆಲಿಗೆ 20 ಗೇಜ್, ಮೆಟ್ಟಿಲು ಮತ್ತು ಸಿಲ್‌ಗೆ (ಬಾಗಿಲುಗಳ ಕೆಳಗಿನ ಪೆಟ್ಟಿಗೆಯಂಥ ಅಂಚು) 18 ಗೇಜ್ ಸಿಆರ್ (ಕೋಲ್ಡ್ ರೋಲ್ಡ್) ಶೀಟ್ ತೊಡಿಸಿ ಸಿಒಟು (ಇಂಗಾಲದ ಡೈಆಕ್ಸೈಡ್ ಬಳಸುವ ವಿದ್ಯುತ್) ವೆಲ್ಡಿಂಗ್ ಮಾಡಿಸಿ. ಗ್ಯಾಸ್ ವೆಲ್ಡಿಂಗಿನ ಶಾಖಕ್ಕೆ ತೆಳು ತಗಡು ಸೊಟ್ಟಗಾಗುತ್ತದೆ. ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ಮತ್ತು ಆಲ್ಟರ್ನೇಟರ್ ವೈರು ಎರಡನ್ನೂ ಕಳಚಿ. ಸಿಲ್‌ನ ಕೆಳಗೆ ಕಾರ್ಖಾನೆಯೇ ಬಿಟ್ಟ ನೀರು ಹೋಗುವ ತೂತುಗಳಿರುತ್ತವೆ. ಟಿಂಕರ್ ಕೆಲಸದವರು ಅಭ್ಯಾಸಬಲದಿಂದ ಅವನ್ನು ಮುಚ್ಚಿಬಿಡುತ್ತಾರೆ. ಪಕ್ಕದಲ್ಲಿ ನಿಂತು, 8 ಮಿ.ಮೀ. ತೂತುಗಳು ಉಳಿದಿವೆಯೇ ಎಂದು ನೋಡಿಕೊಳ್ಳಿ.

ಮೇಲ್ಮೈ ತುಕ್ಕಾದರೆ ವೈರ್ ಕಪ್‌ನಿಂದ ಕೆರೆದು, 80 ನಂಬರಿನ ಕಾಗದ ಉಜ್ಜಿ, ಫಾಸ್ಫಾರಿಕ್ ಆಮ್ಲದ ರಸ್ಟ್ ರಿಮೂವರ್ ಹಚ್ಚಿ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಸಿಹಿನೀರಿನಲ್ಲಿ ತೊಳೆದು, ಬ್ಲೋವರ್‌ನಿಂದ ಪೂರ್ತಿ ಒಣಗಿಸಿ. ಆಮ್ಲದ ಶೇಷ ಉಳಿದರೆ ಎಪಾಕ್ಸಿ ಪ್ರೈಮರ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಅದೇ ದಿನ ಎರಡು ಮಿಶ್ರಣದ ಎಪಾಕ್ಸಿ ಪ್ರೈಮರ್ ಎರಡು ಕೋಟು ಹೊಡೆಯಿರಿ, ಕೀಲುಗಳಿಗೆ ಪಾಲಿಯುರೆಥೇನ್ ಸೀಲರ್ ಹಾಕಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ಕಬ್ಬಿಣವನ್ನು ತಿನ್ನುತ್ತದೆ, ಅದನ್ನು ಗಾಡಿಯ ಹತ್ತಿರವೂ ತರಬೇಡಿ. ಈ ಕೆಲಸಕ್ಕೆ ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಅದರಲ್ಲೂ ಬೆಳಗಿನ ಇಬ್ಬನಿ ಆರಿದ ಮೇಲೆ, ಸಂಜೆಯ ತೇವ ಇಳಿಯುವ ಮೊದಲು. ಕಡೆಯದಾಗಿ ಸಿಲ್, ಬಾಗಿಲು, ಚಾಸಿ ಪೆಟ್ಟಿಗೆಗಳ ಒಳಗೆ ಸುತ್ತಲೂ ಚಿಮ್ಮುವ ನಳಿಕೆಯಿಂದ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ) ತುಂಬಿ.

ಹಸಿ ತುಕ್ಕಿನ ಮೇಲೆ ದಪ್ಪ ಕಪ್ಪು ಅಂಡರ್‌ಬಾಡಿ ಕೋಟಿಂಗ್ ಹೊಡೆಸುವುದು ಎಲ್ಲಕ್ಕಿಂತ ಕೆಟ್ಟದ್ದು. ಹೊರಗಿಂದ ಹೊಸದಾಗಿ ಕಾಣುತ್ತದೆ, ಒಳಗೆ ಉಪ್ಪುನೀರು ಸಿಕ್ಕಿಕೊಂಡು ತಗಡನ್ನು ಇನ್ನೂ ಬೇಗ ತಿನ್ನುತ್ತದೆ. ಗಾಡಿ ಕೊಳ್ಳುವಾಗ ಇಂಥ ಹೊಸ ಕೋಟಿಂಗ್ ಕಂಡರೆ ಕೆರೆದು ನೋಡದೆ ಮುಂದುವರಿಯಬೇಡಿ. ಕಡಲ ತೀರದ ಹತ್ತಿರ ಗಾಡಿ ನಿಲ್ಲಿಸಿದ್ದರೆ ಮನೆಗೆ ಬಂದ ದಿನವೇ ತೋಟದ ಪೈಪಿನಿಂದ ಅಡಿಭಾಗವನ್ನೆಲ್ಲ ಸಿಹಿನೀರಿನಲ್ಲಿ ತೊಳೆಯಿರಿ. ಕರಾವಳಿಯ ಕೆಲವು ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪುನೀರು ನುಗ್ಗುತ್ತದೆ, ಆ ನೀರಿನಲ್ಲಿ ತೊಳೆಯುವುದಕ್ಕಿಂತ ತೊಳೆಯದಿರುವುದೇ ಮೇಲು.

ಛಾವಣಿ ಫೈಬರಿನದಾಗಿದ್ದು ಬಿರುಕು ಬಿಟ್ಟಿದ್ದರೆ ಕಾರ್ ಗ್ಯಾರೇಜಿಗಿಂತ ಫೈಬರ್ ದೋಣಿ ರಿಪೇರಿ ಮಾಡುವವರ ಕೈ ಪಳಗಿರುತ್ತದೆ. ಬಿರುಕಿನ ಎರಡೂ ತುದಿಗೆ 3 ಮಿ.ಮೀ. ತೂತು ಕೊರೆದರೆ ಅದು ಮುಂದೆ ಓಡುವುದಿಲ್ಲ. ಸುತ್ತ 5 ಸೆಂ.ಮೀ. ಉಜ್ಜಿ, ಚದರ ಮೀಟರಿಗೆ 450 ಗ್ರಾಮಿನ ಗಾಜಿನ ನಾರಿನ ಮ್ಯಾಟ್ ಎರಡು ಪದರ ರೆಸಿನ್‌ನಲ್ಲಿ ಹಾಕಿಸಿ. ಸೆಕೆಯ ದಿನ ಹಾರ್ಡನರ್ ಶೇಕಡಾ 1ರ ಆಸುಪಾಸಿನಲ್ಲಿರಲಿ. ಹೆಚ್ಚಾದರೆ ರೆಸಿನ್ ಬೇಗ ಬಿಸಿಯಾಗಿ ಗಟ್ಟಿಯಾಗಿ ಮತ್ತೆ ಬಿರಿಯುತ್ತದೆ.

ಘಟ್ಟಕ್ಕೆ ಎಂಜಿನ್

ಹಳೆಯ ಹಾಯೇಸ್ ಡೀಸೆಲ್‌ಗಳಲ್ಲಿ 2.4 ಲೀಟರಿನ 2ಎಲ್, 2.8ರ 3ಎಲ್ ಎಂಜಿನ್‌ಗಳು ಬರುತ್ತವೆ. ಭಾರತದಲ್ಲಿ 2000ದಿಂದ ಕೆಲವು ವರ್ಷ ಮಾರಾಟವಾದ ಕ್ವಾಲಿಸ್‌ನಲ್ಲಿದ್ದದ್ದು ಇದೇ 2ಎಲ್ ಕುಟುಂಬದ 2446 ಸಿಸಿ ಎಂಜಿನ್. ಇದು ದೊಡ್ಡ ಅನುಕೂಲ. ಕ್ವಾಲಿಸ್ ಟ್ಯಾಕ್ಸಿ ಬಿಚ್ಚಿ ಜೋಡಿಸಿದ ಮೆಕ್ಯಾನಿಕ್‌ಗೆ ನಿಮ್ಮ ಎಂಜಿನ್ ಹೊಸದಲ್ಲ. ಬಿಡಿಭಾಗ ಮಾತ್ರ ಹೆಸರು ಹೇಳಿ ತರಿಸಬೇಡಿ, ಹಳೆಯದರ ಮೇಲಿನ ಪಾರ್ಟ್ ನಂಬರ್ ಹೊಂದಿಸಿ ತನ್ನಿ. ಗ್ಲೋ ಪ್ಲಗ್‌ನಲ್ಲಿ (ಸ್ಟಾರ್ಟ್ ಮಾಡುವ ಮೊದಲು ಡೀಸೆಲ್ ಎಂಜಿನನ್ನು ಒಳಗೆ ಬಿಸಿ ಮಾಡುವ ಪ್ಲಗ್) ಇದು ಮುಖ್ಯ. ಕೆಲವು ಟೊಯೊಟಾಗಳಲ್ಲಿ 12 ವೋಲ್ಟ್ ಗಾಡಿಗೂ 6 ವೋಲ್ಟ್ ಜಾತಿಯ ಪ್ಲಗ್ ಇರುತ್ತದೆ, ಅದಕ್ಕೆ ನೇರ 12 ವೋಲ್ಟ್ ಕೊಟ್ಟು ಪರೀಕ್ಷಿಸಿದರೆ ತುದಿ ಸುಟ್ಟುಹೋಗುತ್ತದೆ. ಮಲ್ಟಿಮೀಟರಿನಲ್ಲಿ ರೆಸಿಸ್ಟೆನ್ಸ್ ನೋಡಿ. ಒಳ್ಳೆಯ ಪ್ಲಗ್ ಸುಮಾರು ಒಂದು ಓಮ್ ಅಥವಾ ಅದಕ್ಕಿಂತ ಕಡಿಮೆ ತೋರಿಸುತ್ತದೆ.

ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದೆಂದು ದಾಖಲೆ ಇಲ್ಲದಿದ್ದರೆ ಕೊಂಡ ವಾರವೇ ಬದಲಾಯಿಸಿ. ಟೆನ್ಷನರ್ ಮತ್ತು ಎಣ್ಣೆ ಸೋರುವ ಸೀಲ್‌ಗಳನ್ನೂ ಆಗಲೇ ಮಾಡಿಸಿಬಿಡಿ. 1 ಲಕ್ಷ ಕಿ.ಮೀ. ಲೆಕ್ಕವನ್ನು ನೆಚ್ಚಿ ಕೂರಬೇಡಿ. ನಿಂತ ಗಾಡಿಯಲ್ಲೂ ರಬ್ಬರ್ ಹಳತಾಗುತ್ತದೆ, ಬೆಲ್ಟ್ ಹರಿದರೆ ವಾಲ್ವ್ ಪಿಸ್ಟನ್‌ಗೆ ಬಡಿಯುತ್ತದೆ.

ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ, ಅಂಕೋಲಾದಿಂದ ಅರಬೈಲ್ ಹತ್ತಿ ಯಲ್ಲಾಪುರಕ್ಕೆ ಹೋಗುವಾಗ ಕ್ಯಾಂಪರ್‌ನ ತೂಕಕ್ಕೆ ಈ ಎಂಜಿನ್ ಪೂರ್ತಿ ದುಡಿಯುತ್ತದೆ. ಒಮ್ಮೆ ಕುದ್ದರೆ ಹೆಡ್ ಬಿರುಕು ಬಿಡುವ ಭಯ ಇದರಲ್ಲಿದೆ. ರೇಡಿಯೇಟರ್ ಹೊರತೆಗೆದು ಒಳಗೆ ಎರಡೂ ದಿಕ್ಕಿನಿಂದ ನೀರು ಹಾಯಿಸಿ. ಫಿನ್‌ಗಳು ಕೈಯಲ್ಲಿ ಪುಡಿಯಾದರೆ, ಉಪ್ಪುಗಾಳಿಯಲ್ಲಿ ಆಗುವುದೇ ಹಾಗೆ, ಹೊಸ ಕೋರ್ ಹಾಕಿಸಿ. ತಣ್ಣಗಿನ ಎಂಜಿನ್ ಆಫ್ ಇದ್ದಾಗ ಫ್ಯಾನನ್ನು ಕೈಯಿಂದ ತಿರುಗಿಸಿ. ತಡೆಯೇ ಇಲ್ಲದೆ ಗಿರ್ರನೆ ತಿರುಗಿದರೆ ಫ್ಯಾನನ್ನು ಎಂಜಿನ್‌ಗೆ ಜೋಡಿಸುವ ವಿಸ್ಕಸ್ ಕಪ್ಲಿಂಗ್ ಸತ್ತಿದೆ. ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ತುಂಬುವಾಗ ಗಾಡಿಯ ಮೂತಿ ಏರಿನ ಕಡೆ ಇರಲಿ, ಹೀಟರಿನ ವಾಲ್ವ್ ತೆರೆದಿರಲಿ, ಇಲ್ಲದಿದ್ದರೆ ಒಳಗೆ ಗಾಳಿ ನಿಲ್ಲುತ್ತದೆ. ನೀರೆಲ್ಲ ಸೋರಿಹೋದರೆ ಡ್ಯಾಶಿನ ಗೇಜ್ ಸರಿಯಾಗಿ ತೋರಿಸುವುದಿಲ್ಲ. ಥರ್ಮೋಸ್ಟಾಟ್ ಹೌಸಿಂಗ್ ಬೋಲ್ಟಿಗೆ ಒಂದು ತಾಪಮಾನ ಸೆನ್ಸರ್ ಕಟ್ಟಿ, 100 ಡಿಗ್ರಿಗೆ ಬಜರ್ ಕೂಗುವಂತೆ ಮಾಡಿ. ಈ ಗಾಡಿಗೆ ಮಾಡಬಹುದಾದ ಬದಲಾವಣೆಗಳಲ್ಲಿ ಇದಕ್ಕಿಂತ ಲಾಭದ್ದು ಇನ್ನೊಂದಿಲ್ಲ.

2020ರ ಏಪ್ರಿಲ್‌ನಿಂದ ಬರುತ್ತಿರುವ ಬಿಎಸ್-6 ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ ಮಾತ್ರ. ಇಂಥ ಇಂಧನದಲ್ಲಿ ಹಳೆಯ ರೋಟರಿ ಇಂಧನ ಪಂಪಿನ ಗಟ್ಟಿಯಾದ ರಬ್ಬರ್ ಸೀಲ್ ಕುಗ್ಗಿ ಸೋರಬಹುದು, ಗಾಳಿ ಎಳೆಯಬಹುದು. ಬೆಳಿಗ್ಗೆ ಸ್ಟಾರ್ಟ್ ಆಗಲು ತಡವಾದರೆ ಪಂಪಿಗೆ ಹೋಗುವಲ್ಲಿ ಒಂದು ಪಾರದರ್ಶಕ ಪೈಪಿನ ತುಂಡು ಹಾಕಿ ನೋಡಿ. ಗುಳ್ಳೆ ಕಂಡರೆ ಸೀಲ್ ಕಿಟ್ ವೈಟಾನ್ ರಬ್ಬರಿನದು ಹಾಕಿಸಿ.

ಇಳಿಯುವಾಗ ಬ್ರೇಕ್. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್-4 ಕನಿಷ್ಠ 230 ಡಿಗ್ರಿಗೆ ಕುದಿಯುವಂಥದ್ದು, ತೇವ ಹಿಡಿದ ಮೇಲೆ 155ರವರೆಗೂ ಇಳಿಯಬಹುದು. ದೇವಿಮನೆ ಇಳಿಜಾರಿನಲ್ಲಿ ಪೆಡಲ್ ಮೆತ್ತಗಾಗುವುದಕ್ಕೆ ಇದೂ ಒಂದು ಕಾರಣ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಹಿಂದಿನ ಆಕ್ಸಲ್ ಬಳಿ ಭಾರಕ್ಕೆ ತಕ್ಕಂತೆ ಬ್ರೇಕ್ ಹಂಚುವ ವಾಲ್ವ್ ಇದ್ದರೆ ಅದರ ತೋಳು ಆಡುತ್ತದೆಯೇ ನೋಡಿ. ಕರಾವಳಿಯಲ್ಲಿ ಅದು ತುಕ್ಕಿಗೆ ಕಚ್ಚಿಕೊಂಡಿರುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಿರಿ.

ವಿದ್ಯುತ್ತು, ಗ್ಯಾಸ್

ಜಪಾನಿನಲ್ಲೇ ಕ್ಯಾಂಪರ್ ಆದ ಗಾಡಿಯಾದರೆ ಎಚ್ಚರ, ಅದರ ಚಾರ್ಜರ್, ಫ್ರಿಜ್ ಎಲ್ಲ 100 ವೋಲ್ಟಿನವು. ಮನೆಯ 230 ವೋಲ್ಟಿಗೆ ಚುಚ್ಚಿದ ಕ್ಷಣವೇ ಸುಡುತ್ತವೆ. ಹಳೆಯ ಎಸಿ ವೈರಿಂಗ್ ಕಿತ್ತು, 30 ಮಿಲಿಆಂಪಿನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಹಾಕಿ ಹೊಸದು ಎಳೆಸಿ.

40 ಲೀಟರಿನ ಕಂಪ್ರೆಸರ್ ಫ್ರಿಜ್ ನಮ್ಮ ಸೆಕೆಯಲ್ಲಿ ದಿನಕ್ಕೆ ಸುಮಾರು 40 ಆಂಪ್‌ಅವರ್ ತಿನ್ನುತ್ತದೆ, ಫ್ಯಾನು-ದೀಪಕ್ಕೆ ಇನ್ನೊಂದು 15. ಹಾಗಾಗಿ 100 ಆಂಪ್‌ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, 200 ವ್ಯಾಟ್ ಸೌರ ಫಲಕ, ಎಂಪಿಪಿಟಿ (ಸೌರ ಚಾರ್ಜ್ ಕಂಟ್ರೋಲರ್) ಸಾಕು. ಮಳೆಗಾಲದಲ್ಲಿ ಮಾತ್ರ ಫಲಕ ನಂಬಬೇಡಿ. ಲಿಥಿಯಂ ಅನ್ನು ಹಳೆಯ ಆಲ್ಟರ್ನೇಟರಿಗೆ ನೇರ ಜೋಡಿಸಿದರೆ ಅದು ಎಡೆಬಿಡದೆ ಎಳೆದು ಆಲ್ಟರ್ನೇಟರ್ ಸುಡುತ್ತದೆ, ನಡುವೆ 20 ಆಂಪಿನ ಡಿಸಿ-ಡಿಸಿ ಚಾರ್ಜರ್ ಇರಲಿ. ನಾಲ್ಕು ಮೀಟರ್ ದೂರಕ್ಕೆ 4 ಚದರ ಮಿ.ಮೀ. ವೈರಿನಲ್ಲಿ ಹೋಗಿ ಬರುವಷ್ಟರಲ್ಲಿ 0.7 ವೋಲ್ಟ್ ಕಳೆದುಹೋಗುತ್ತದೆ, 10 ಚದರ ಮಿ.ಮೀ. ಹಾಕಿದರೆ 0.28 ಮಾತ್ರ. ತವರ ಲೇಪಿಸಿದ ತಾಮ್ರದ ವೈರೇ ಬೇಕು, ಬರಿ ತಾಮ್ರ ಇಲ್ಲಿ ಹಸಿರಾಗುತ್ತದೆ. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗಿರಲಿ.

ಯುರೋಪಿನ ಹಳೆಯ ಒಲೆಗಳಲ್ಲಿ ಕೆಲವು 50 ಮಿಲಿಬಾರ್ ಒತ್ತಡಕ್ಕೆ ಮಾಡಿದವು. ನಮ್ಮ ಮನೆ ರೆಗ್ಯುಲೇಟರ್ ಕೊಡುವುದು ಸುಮಾರು 30. ಉರಿ ಸಣ್ಣಗೆ ಬರುತ್ತದೆಂದು ಜೆಟ್ ತೂತು ದೊಡ್ಡದು ಮಾಡುವವರಿದ್ದಾರೆ, ಅದು ಅಪಾಯ. ಐಎಸ್‌ಐ ಗುರುತಿನ ಇಲ್ಲಿಯದೇ ಒಲೆ ಕೂರಿಸಿ. 5 ಕೆ.ಜಿ. ಸಿಲಿಂಡರಿಗೆ ಪ್ರತ್ಯೇಕ ಪೆಟ್ಟಿಗೆ ಮಾಡಿ, ಅದರ ತಳದಲ್ಲಿ ನೇರ ಹೊರಗೆ ತೆರೆಯುವ ದೊಡ್ಡ ತೂತು ಬಿಡಿ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ನಿಲ್ಲುತ್ತದೆ. ಪೈಪನ್ನು ಐದು ವರ್ಷಕ್ಕೆ ಬದಲಿಸಿ, ಕೀಲುಗಳನ್ನು ಸಾಬೂನು ನೀರಿನಲ್ಲಿ ಪರೀಕ್ಷಿಸಿ.

ಮರಗೆಲಸಕ್ಕೆ ಐಎಸ್ 710 ಮುದ್ರೆಯ ಮರೀನ್ ಪ್ಲೈವುಡ್ ತನ್ನಿ. ಎಂಡಿಎಫ್ ಒಂದೇ ಆಷಾಢಕ್ಕೆ ಊದುತ್ತದೆ. 8×4 ಅಡಿಯ 12 ಮಿ.ಮೀ. ಹಲಗೆ ಒಂದಕ್ಕೆ ಸುಮಾರು 25 ಕೆ.ಜಿ. ತೂಗುತ್ತದೆ, ಆದ್ದರಿಂದ ಕಪಾಟಿಗೆ 9 ಮಿ.ಮೀ. ಸಾಕು. ಪ್ಯಾನೆಲುಗಳನ್ನು ಬೋಲ್ಟಿನಿಂದ ಕೂರಿಸಿ, ವರ್ಷಕ್ಕೊಮ್ಮೆ ತೆಗೆದು ತಗಡು ನೋಡುವಂತಿರಲಿ. ಗಾಜಿನ ಉಣ್ಣೆ ಬೇಡ, ತೇವ ಹಿಡಿಯುತ್ತದೆ. ಮುಚ್ಚಿದ ಕಣದ ನೈಟ್ರೈಲ್ ಫೋಮ್ ಅಂಟಿಸಿ.

ಮೇ ಕೊನೆಯಲ್ಲಿ ಬಾಗಿಲಿನ ನೀರು ತೂತುಗಳಿಗೆ ಕಡ್ಡಿ ಹಾಕಿ ಬಿಡಿಸಿ, ಹಾಸಿಗೆ ಹೊರತೆಗೆಯಿರಿ, ಕಪಾಟಿನ ಬಾಗಿಲು ತೆರೆದಿಡಿ. ತಾಡಪತ್ರೆಯನ್ನು ಗಾಡಿಗೆ ಸುತ್ತಬೇಡಿ, ನಾಲ್ಕು ಕಂಬ ನೆಟ್ಟು ಮೇಲೆ ಎತ್ತರಕ್ಕೆ ಕಟ್ಟಿ. ಛಾವಣಿಯ ಫ್ಯಾನ್ ದಿನಕ್ಕೆ ಒಂದೆರಡು ತಾಸು ಓಡಲಿ. ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಡ್ರಮ್ಮಿಗೆ ಲೈನರ್ ಕಚ್ಚಿಕೊಳ್ಳುತ್ತದೆ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಹದಿನೈದು ದಿನಕ್ಕೊಮ್ಮೆ ಮಳೆ ಬಿಟ್ಟ ಹೊತ್ತಿನಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿ ತನ್ನಿ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸಿದರೆ ಸೈಲೆನ್ಸರಿನಲ್ಲಿ ನೀರು ನಿಂತು ಒಳಗಿನಿಂದ ಕೊಳೆಯುತ್ತದೆ.