ಹಾಳೆ ಹಚ್ಚಿ ದೋಣಿ ದಡ ಸೇರಿಸಿದ್ದು

ತೂತಾದ ದೋಣಿಗೆ ಅಡಿಕೆ ಹಾಳೆ ಕಟ್ಟುತ್ತೇನೆ ಅಂದಾಗ ಮೊದಲು ನಕ್ಕವನು ನನ್ನ ಹೆಂಡತಿಯ ತಮ್ಮ. "ಭಾವ, ಹಾಳೆ ತಟ್ಟೇಲಿ ಊಟ ಮಾಡಬಹುದು. ದೋಣಿ ಮುಳುಗೋವಾಗ ಅದನ್ನ ಹಿಡ್ಕೊಂಡು ಏನ್ಮಾಡ್ತೀರಿ?" ಅಂದ. ಕಳೆದ ಫೆಬ್ರವರಿಯಲ್ಲಿ ಅದೇ ದೋಣಿಯಲ್ಲಿ ಅವನೂ ಇದ್ದ. ಈಗ ನಗುವುದಿಲ್ಲ.

ಶರಾವತಿ ಹಿನ್ನೀರಿನಲ್ಲಿ ಓಡಾಡುವವರಿಗೆ ಬೊಡ್ಡೆಗಳ ವಿಷಯ ನಾನು ಹೇಳಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಮುಳುಗಿದ ಕಾಡಿನ ಬುಡಗಳು ಇನ್ನೂ ನಿಂತೇ ಇವೆ. ನೀರು ಪೂರ್ತಿ, ಅಂದರೆ ಸಮುದ್ರಮಟ್ಟದಿಂದ 1819 ಅಡಿಗೆ ತುಂಬಿದ್ದಾಗ ನಿಶ್ಚಿಂತೆ. ಮೇ ತಿಂಗಳಲ್ಲಿ ಬೊಡ್ಡೆ ಕಣ್ಣಿಗೇ ಕಾಣುತ್ತದೆ, ಆಗಲೂ ಪರವಾಗಿಲ್ಲ. ನೀರಿನಿಂದ ಗೇಣು ಕೆಳಗೆ ಅಡಗಿ ಕೂತಿರುತ್ತದಲ್ಲ, ಆ ದಿನಗಳೇ ಕಷ್ಟ.

ಮೂರು ವರ್ಷದ ಹಿಂದೆ ಹೊನ್ನೆಮರಡು ಕಡೆ ಹೋದಾಗ ಮೊದಲ ಪೆಟ್ಟು ಬಿತ್ತು. ನನ್ನದು ಹದಿನಾಲ್ಕು ಅಡಿಯ ಫೈಬರ್ ದೋಣಿ. ಹೆಬ್ಬೆರಳು ತೂರುವಷ್ಟು ತೂತು. ಎಪಾಕ್ಸಿ ಪುಟ್ಟಿ ಕಲಸಿ ಒತ್ತಿದೆ. ನುಗ್ಗುವ ನೀರು ಅದನ್ನು ಗಟ್ಟಿಯಾಗಲು ಎಲ್ಲಿ ಬಿಡುತ್ತದೆ? ಉಂಡೆ ಉಂಡೆಯಾಗಿ ಕಾಲ ಬುಡಕ್ಕೇ ಬಿತ್ತು. 2,800 ರೂಪಾಯಿಯ ಹನ್ನೆರಡು ವೋಲ್ಟ್ ಪಂಪು ಇತ್ತು. ಅದರ ಬಾಯಿಗೆ ಚಿಪ್ಸ್ ಕವರ್ ಸಿಕ್ಕಿಕೊಂಡಿತು. ಬ್ಯಾಟರಿಯನ್ನು ತಳದಲ್ಲೇ ಇಟ್ಟಿದ್ದೆ, ಅದೂ ನೀರು ಕುಡಿಯಿತು. ಬಕೆಟ್ಟಿನಲ್ಲಿ ಎತ್ತಿ ಹಾಕುತ್ತಲೇ ದಡ ಮುಟ್ಟಿದೆವು. ಆಮೇಲೆ ಫೈಬರ್ ಕೆಲಸದವರೊಬ್ಬರಿಗೆ ಸುಮಾರು ಹದಿನಾರು ಸಾವಿರ ಕೊಟ್ಟೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಜಾಗ ಮತ್ತೆ ಬೆವರತೊಡಗಿತು. ಹೊಟ್ಟೆ ಉರಿಯಿತು.

ಹಟ ಬಂತು. ನೀಲಿ ಡ್ರಮ್ ಒಂದನ್ನು ಅರ್ಧಕ್ಕೆ ಕೊಯ್ದು, ಒಂದಿಂಚಿನ ತೂತು ಕೊರೆದು, ಕಲ್ಲು ತುಂಬಿ ತೋಟದ ಹೊಂಡದಲ್ಲಿ ಇಳಿಬಿಟ್ಟೆ. ತೂತು ನೀರಿನಿಂದ ಒಂದಡಿ ಕೆಳಗಿದ್ದರೆ ನಿಮಿಷಕ್ಕೆ ಹೆಚ್ಚುಕಮ್ಮಿ ನಲವತ್ತು ಲೀಟರ್ ಬರುತ್ತದೆ. ಅಂದರೆ ಎರಡೂವರೆ ಬಕೆಟ್. ಹತ್ತು ನಿಮಿಷ ಎತ್ತಿ ಹಾಕಬಹುದು, ಆಮೇಲೆ ರಟ್ಟೆ ಬಿದ್ದುಹೋಗುತ್ತದೆ. ಸೈಕಲ್ ಟ್ಯೂಬ್, ಗೋಣಿ, ತೆಂಗಿನ ನಾರು, ಎಲ್ಲ ನೋಡಿದೆ. ಬಾಳೆದಿಂಡನ್ನೂ ಬಿಡಲಿಲ್ಲ! ಅದು ಐದು ನಿಮಿಷ ಚೆನ್ನಾಗಿ ಹಿಡಿದು, ಮೆತ್ತಗಾಗಿ ಒಳಗೆ ಜಾರಿತು. ಒಳಗಿನಿಂದ ಏನು ತುರುಕಿದರೂ ನೀರು ಅದನ್ನು ವಾಪಸ್ ಒಳಕ್ಕೇ ದಬ್ಬುತ್ತದೆ. ಹೊರಗಿನಿಂದ ಹಚ್ಚಿದರೆ ಅದೇ ನೀರು ಒತ್ತಿ ಹಿಡಿಯುತ್ತದೆ. ಟಾರ್ಪಾಲಿನ ತುಂಡು ಹಿಡಿಯಿತು, ಆದರೆ ನೀರಿನಲ್ಲಿ ಮುದುರಿಕೊಳ್ಳುತ್ತದೆ. ಹಾಳೆ ಮುದುರುವುದಿಲ್ಲ.

ಒಣ ಹಾಳೆ ಬಗ್ಗಿಸಿದರೆ ಸೀಳುತ್ತದೆ. ನೆನೆಸಿಟ್ಟರೆ ನಾಲ್ಕು ದಿನಕ್ಕೆ ಬೂಸಲು. ಒಂದು ಎಣ್ಣೆ ಹಚ್ಚಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟರೆ ತಿಂಗಳುಗಟ್ಟಲೆ ಮೆತ್ತಗಿರುತ್ತದೆ. ಯಾವ ಎಣ್ಣೆ ಅಂತ ಕೇಳಬೇಡಿ. ಒಳಮೈಗೆ ಜೇನುಮೇಣ ಮತ್ತು ಮುರುಗಲ ಬೀಜದ ತುಪ್ಪ ಕಾಯಿಸಿ ಬೆರೆಸಿದ ಅಂಟು. ಒದ್ದೆ ಫೈಬರಿಗೂ ಕಚ್ಚುತ್ತದೆ. ಅಳತೆ ಮಾತ್ರ ನನ್ನಲ್ಲೇ ಇರಲಿ, ಅದಕ್ಕಾಗಿ ಎರಡು ಕೆಜಿ ಮೇಣ ಹಾಳು ಮಾಡಿದ್ದೇನೆ.

ಫೆಬ್ರವರಿಯಲ್ಲಿ ತುಮರಿ ಕಡೆಯಿಂದ ಬರುವಾಗ ಬಲಗಡೆ ಮುಂಭಾಗದಲ್ಲಿ ಕಟಕ್ ಅಂತು. ಮೋಟಾರು ನಿಲ್ಲಿಸಿದೆ. ಭಾವಮೈದುನನನ್ನೂ ಇಬ್ಬರು ಮಕ್ಕಳನ್ನೂ ಎಡಕ್ಕೆ, ಹಿಂದಕ್ಕೆ ಕೂರಿಸಿದೆ. ಎಲ್ಲರಿಗೂ ಲೈಫ್ ಜಾಕೆಟ್ ಇತ್ತು. ಮೂತಿ ಎದ್ದು ಅರ್ಧ ತೂತು ನೀರಿನಿಂದ ಮೇಲೆ ಬಂತು. ಅಷ್ಟಕ್ಕೇ ನೀರು ಅರ್ಧಕ್ಕರ್ಧ ಕಡಿಮೆ. ಒಳಗಿನಿಂದ ಹಳೇ ಪಂಚೆ ತುರುಕಿ, ಎರಡೂ ತುದಿಗೆ ಹಗ್ಗ ಕಟ್ಟಿದ್ದ ಹಾಳೆಯನ್ನು ಮೂತಿಯ ಕಡೆಯಿಂದ ಅಡಿಗೆ ಇಳಿಸಿದೆ. ಇಲ್ಲೇ ಡ್ರಮ್ಮಿನಲ್ಲಿ ಗೊತ್ತಾಗದ ಒಂದು ಲಾಭ ಸಿಕ್ಕಿತು. ಹಾಳೆ ತೇಲುತ್ತದಲ್ವಾ? ಅಡಿಗೆ ಹೋದದ್ದೇ ತಾನಾಗಿ ಮೇಲೆದ್ದು ದೋಣಿಯ ಹೊಟ್ಟೆಗೆ ಅಂಟಿಕೊಂಡಿತು. ಪಂಚೆ ತೆಗೆದು, ಹಗ್ಗಗಳನ್ನು ಸೀಟಿಗೆ ಬಿಗಿದೆ. ಧಾರೆಯಾಗಿ ಬರುತ್ತಿದ್ದ ನೀರು ದಾರದೆಳೆಯಷ್ಟಾಯಿತು. ಜೋರಾಗಿ ಹೋದರೆ ಹಾಳೆ ಕಿತ್ತು ಬರುತ್ತದೆ ಅಂತ ನಡಿಗೆಯ ವೇಗದಲ್ಲೇ ಬಂದೆವು. ಮೂರು ಕಿಲೋಮೀಟರಿಗೆ ಮುಕ್ಕಾಲು ಗಂಟೆ. ಅಷ್ಟು ಹೊತ್ತಿಗೆ ತಳದಲ್ಲಿ ಸೇರಿದ್ದು ಒಂದು ಬಕೆಟ್ಟೂ ಇಲ್ಲ. ಖರ್ಚು? ಮೇಣ, ತುಪ್ಪ, ಹಗ್ಗ ಸೇರಿ ಐನೂರರ ಒಳಗೆ. ಹಾಳೆ ತೋಟದ್ದೇ.

ಕಳೆದ ತಿಂಗಳು ಮತ್ತೆ ಕಾಲಡಿ ನೀರು ಕಂಡಿತು. ನಾನು ಠೀವಿಯಿಂದ ಹಾಳೆ ಬಿಚ್ಚಿ, ಮಲಗಿಕೊಂಡು ತೂತು ಹುಡುಕುತ್ತಿದ್ದೆ. ಭಾವಮೈದುನ ನನ್ನ ಅಂಗಿ ಜೇಬಿಗೆ ಕೈ ಹಾಕಿ, ದೋಣಿಯ ಹಿಂದೆ ನೀರು ಬಸಿಯಲು ಇರುವ ತೂತಿಗೆ ಹಾಕಬೇಕಾಗಿದ್ದ ಬಿರಡೆಯನ್ನು ಹೊರತೆಗೆದ.